ಪರಿಸರ ಸೈಕಲ್ ಯಾತ್ರೆ: ಯಾತ್ರಿಕರಿಂದ ನಿರೀಕ್ಷಿಸಬೇಕಾದದ್ದೇನು?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರವೊಂದು ಬಂದಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆತನೂ ಆತನ ಗೆಳೆಯರೂ ಸೇರಿ ಬರುವ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಹೊರಟು ಸಾಗರ, ಜೋಗ, ಸಿದ್ದಾಪುರ, ಶಿರಸಿಗಳ ಮೂಲಕ ಯಲ್ಲಾಪುರದವರೆಗೆ ಐದು ದಿನಗಳ ‘ಪರಿಸರ ಸೈಕಲ್ ಯಾತ್ರೆ’ಯೊಂದನ್ನು ಕೈಗೊಳ್ಳಲಿದ್ದಾರೆ. 25 ಮಂದಿ ಈಗಾಗಲೇ ಹೆಸರು ಕೊಟ್ಟಿದ್ದಾರಂತೆ. ಯಾತ್ರಿಕರು ಪಾಲಿಸಬೇಕಾದ ನಿಯಮಗಳ ಪಟ್ಟಿಯನ್ನು ಸಿದ್ಧಪಡಿಸಿ, “ಸರ್, ತಾವು ಒಮ್ಮೆ ನೋಡಿ ತಿದ್ದಿಕೊಡಬೇಕು” ಎಂದು ಕಳುಹಿಸಿದ್ದನು.

ಪಟ್ಟಿ ಅಚ್ಚುಕಟ್ಟಾಗಿಯೇ ಇತ್ತು. ಹೆಲ್ಮೆಟ್ ಕಡ್ಡಾಯ, ಬೆಳಿಗ್ಗೆ ಆರಕ್ಕೆ ಹೊರಡಬೇಕು, ಕಟ್ಟಿದ ಹಣ ಹಿಂತಿರುಗಿಸಲಾಗದು, ಅಪಘಾತಕ್ಕೆ ಸಂಘಟಕರು ಹೊಣೆಯಲ್ಲ, ಹಿಂದೆ ಬರುವ ಲಾರಿಯಲ್ಲಿ ಸಾಮಾನು ಮತ್ತು ಬಾಟಲಿ ನೀರಿನ ವ್ಯವಸ್ಥೆ ಇರುತ್ತದೆ – ಹೀಗೆ. ಯಾತ್ರಿಕನಿಗೆ ಸಂಘಟಕರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಯಾತ್ರೆ ಹಾದುಹೋಗುವ ಊರುಗಳೂ ಕಾಡೂ ಯಾತ್ರಿಕನಿಂದ ಏನನ್ನು ನಿರೀಕ್ಷಿಸಬಹುದು ಎಂಬ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಆತನಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂತಹ ಯಾತ್ರೆಗಳು ಈಗ ಹೆಚ್ಚುತ್ತಿರುವುದರಿಂದ ಉಳಿದವರಿಗೂ ಪ್ರಯೋಜನವಾದೀತು.

ಸೈಕಲ್ ತುಳಿದ ಮಾತ್ರಕ್ಕೆ ಪರಿಸರ ಸೇವೆಯಾಯಿತೆಂದು ಭಾವಿಸುವುದು ಸರಿಯಲ್ಲ. ಸೈಕಲ್ ಹೊಗೆ ಉಗುಳುವುದಿಲ್ಲ, ಒಪ್ಪೋಣ. ಆದರೆ 25 ಸೈಕಲ್ಲುಗಳ ಹಿಂದೆ ಒಂದು ಲಾರಿ ನಿಧಾನವಾಗಿ ತೆವಳುತ್ತ ಬಂದರೆ, ಸೈಕಲ್ಲುಗಳನ್ನು ಶಿವಮೊಗ್ಗಕ್ಕೆ ತರಲು ಎಂಟು ಹತ್ತು ಕಾರುಗಳು ಬೆಂಗಳೂರಿನಿಂದ ಓಡಿದರೆ, ಉಳಿಸಿದ್ದೇನು? ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲು ಇದೆ. ಸೈಕಲ್ಲುಗಳನ್ನು ಸಾಮಾನಿನ ಬೋಗಿಯಲ್ಲಿ ಹಾಕಿ ತರಬಹುದು. ಯಾತ್ರೆಯ ಮೊದಲ ನಿಯಮ ಅಲ್ಲಿಂದಲೇ ಆರಂಭವಾಗಬೇಕು.

ಪತಾಕೆಯಿಲ್ಲದೆ, ಬನಿಯನ್ನಿನ ಮೇಲೆ ಘೋಷಣೆ ಬರೆಸಿಕೊಳ್ಳದೆ ಸೈಕಲ್ ತುಳಿದವರನ್ನು ನಾನು ನನ್ನ ವೃತ್ತಿಜೀವನದುದ್ದಕ್ಕೂ ಕಂಡಿದ್ದೇನೆ. ಹಾಲಿನ ಕ್ಯಾನುಗಳನ್ನು ತೂಗಹಾಕಿಕೊಂಡು ಬರುವವರು, ಪತ್ರಿಕೆ ಹಂಚುವ ಹುಡುಗರು, ಮೀನು ಮಾರುವವರು. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ, ನಾಲ್ಕು ಮೈಲಿ ನಡೆದು ಸುಸ್ತಾಗಿ ತರಗತಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಬೆಲ್ಲು ಬಾರಿಸುತ್ತ ಬರತೊಡಗಿದುದನ್ನು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅವರಾರೂ ಪರಿಸರವಾದಿಗಳೆಂದು ಹೇಳಿಕೊಂಡವರಲ್ಲ. ಆದುದರಿಂದ ರಜೆಯಲ್ಲಿ ಸೈಕಲ್ ಏರುವ ನಾವು ಅದೇ ರಸ್ತೆಯಲ್ಲಿ ದಿನನಿತ್ಯ ಸೈಕಲ್ ತುಳಿಯುವವರ ಮುಂದೆ ಸ್ವಲ್ಪ ವಿನಯದಿಂದಿರುವುದು ಒಳ್ಳೆಯದು.

ಹಾಗಾದರೆ ಯಾತ್ರಿಕರಿಂದ ನಿರೀಕ್ಷಿಸಬೇಕಾದದ್ದೇನು?

ಮೊದಲನೆಯದು, ವೇಗ. ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ತುಳಿಯುವವನ ವೇಗವೇ ಗುಂಪಿನ ವೇಗವಾಗಬೇಕು. ಬಲಿಷ್ಠರು ಹಿಂದೆ ಇರಲಿ. ನನ್ನ ಶಿಷ್ಯನ ಪಟ್ಟಿಯಲ್ಲಿ ಶಿವಮೊಗ್ಗದಿಂದ ಸಾಗರದವರೆಗಿನ ಸುಮಾರು 70 ಕಿಲೋಮೀಟರು ದಾರಿಯನ್ನು ಮೊದಲ ದಿನಕ್ಕೇ ಇಡಲಾಗಿತ್ತು. ದುಬಾರಿ ಗೇರ್ ಸೈಕಲ್ ಇದ್ದವರಿಗೆ ಅದು ಸಲೀಸು. ಸಾಮಾನ್ಯ ಸೈಕಲ್ಲಿನವನು ಸಂಜೆಗೆ ಸೋತು ಲಾರಿ ಹತ್ತುತ್ತಾನೆ. ನಡುವೆ ಆನಂದಪುರದಲ್ಲಿ ಒಂದು ರಾತ್ರಿ ತಂಗಿ, ಐದು ದಿನಗಳನ್ನು ಆರು ಮಾಡಿದರೆ ಹಳೆಯ ಸೈಕಲ್ ಉಳ್ಳವನೂ ಬರಬಲ್ಲ. ದಿನದ ದೂರವನ್ನು ನಿಗದಿಪಡಿಸುವಾಗಲೇ ಯಾರು ಬರಬಹುದು, ಯಾರು ಬರಲಾರರು ಎಂಬುದೂ ನಿಶ್ಚಯವಾಗಿಬಿಡುತ್ತದೆ ಎಂಬುದನ್ನು ಸಂಘಟಕರು ಮರೆಯಬಾರದು.

ಎರಡನೆಯದು, ಹೊರೆ. ಪ್ರತಿಯೊಬ್ಬನೂ ತನ್ನ ಸಾಮಾನನ್ನು ತನ್ನ ಕ್ಯಾರಿಯರಿನ ಮೇಲೆಯೇ ಸಾಗಿಸಬೇಕು. ಇದು ಶಿಕ್ಷೆಯಲ್ಲ. ಏರುದಾರಿಯಲ್ಲಿ ಪ್ರತಿಯೊಂದು ಕಿಲೋ ತೂಕವೂ ಕಾಲಿಗೆ ತಿಳಿಯುತ್ತದೆ. ಮೂರನೆಯ ಜೊತೆ ಚಪ್ಪಲಿ, ನಾಲ್ಕನೆಯ ಅಂಗಿ ಅನಾವಶ್ಯಕವೆಂದು ಯಾವ ಉಪನ್ಯಾಸವೂ ಕಲಿಸಲಾರದಷ್ಟು ಚೆನ್ನಾಗಿ ಒಂದು ದಿಬ್ಬ ಕಲಿಸುತ್ತದೆ. ಲಾರಿ ಬಂದರೆ ಆ ಪಾಠವೇ ತಪ್ಪಿಹೋಗುತ್ತದೆ. ಅನಾರೋಗ್ಯದವರಿಗಾಗಿ ಒಂದು ಸಣ್ಣ ವಾಹನ ಇರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಬಾಬಾ ಆಮ್ಟೆಯವರು 1985ರ ಡಿಸೆಂಬರಿನಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದತ್ತ ‘ಭಾರತ ಜೋಡೋ’ ಯಾತ್ರೆ ಹೊರಟಾಗ ನೂರಕ್ಕೂ ಹೆಚ್ಚು ಯುವಕ ಯುವತಿಯರು ಸೈಕಲ್ ತುಳಿದರು. ಎಪ್ಪತ್ತರ ವಯಸ್ಸಿನ, ಬೆನ್ನುಮೂಳೆಯ ತೊಂದರೆಯಿಂದ ಬಳಲುತ್ತಿದ್ದ ಬಾಬಾ ವಾಹನದಲ್ಲಿ ಜೊತೆಗಿದ್ದರು. ಅಗತ್ಯಕ್ಕೂ ಅನುಕೂಲಕ್ಕೂ ಇರುವ ವ್ಯತ್ಯಾಸ ಅದು.

ಮೂರನೆಯದು, ಆತಿಥ್ಯ ಕೊಡುವವರ ಮೇಲೆ ನಾವು ಹೇರುವ ಭಾರ. ಡಿಸೆಂಬರು ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಕಾಲ. ಕೊಯ್ದ ಅಡಿಕೆಯನ್ನು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಮನೆಮಂದಿಯೆಲ್ಲ ಸರಿರಾತ್ರಿಯವರೆಗೆ ಕೆಲಸದಲ್ಲಿರುತ್ತಾರೆ. ಅಂತಹ ವೇಳೆ 25 ಮಂದಿ ಬಂದಿಳಿದು ಬಿಸಿನೀರು, ಕಾಫಿ, ಊಟ ಎಂದರೆ ಹವ್ಯಕರ ಮನೆಯಾಗಲಿ ದೀವರ ಮನೆಯಾಗಲಿ ಇಲ್ಲವೆನ್ನುವುದಿಲ್ಲ. ಇಲ್ಲವೆನ್ನಲಾರದವರ ಬಳಿ ಕೇಳದಿರುವುದೇ ಸೌಜನ್ಯ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ಮೊದಲೇ ಅನುಮತಿ ಪಡೆದು ತಂಗಬೇಕು. ಅಕ್ಕಿ, ತರಕಾರಿಗಳನ್ನು ಆ ಊರಿನಲ್ಲಿಯೇ ಕೊಂಡು, ಸೌದೆಗೂ ಬೆಲೆ ಕೊಟ್ಟು, ತಾವೇ ಅಡುಗೆ ಮಾಡಿಕೊಳ್ಳಬೇಕು. ಅಂಗಳದಲ್ಲಿ ಅಡಿಕೆ ಹರಡಿದ್ದರೆ ಅಲ್ಲಿ ಸೈಕಲ್ ನಿಲ್ಲಿಸಬಾರದು ಎಂಬುದನ್ನೂ ಪಟ್ಟಿಯಲ್ಲಿ ಬರೆಯಬೇಕಾದೀತು. ಪೇಟೆಯಲ್ಲಿ ಬೆಳೆದವರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ನೀರಿನ ಲೆಕ್ಕವನ್ನು ನನ್ನ ಹಳೆಯ ಗಣಿತದ ವಿದ್ಯಾರ್ಥಿಗಳೇ ಮಾಡಲಿ. ಒಬ್ಬೊಬ್ಬರು ಸ್ನಾನಕ್ಕೆ 40 ಲೀಟರು ಸುರಿದರೆ 25 ಮಂದಿಗೆ 1000 ಲೀಟರು. ಒಂದೇ ಬಕೆಟ್ಟು, ಅಂದರೆ 15 ಲೀಟರು ಸಾಕೆಂದರೆ 375 ಲೀಟರು. ಉಳಿಯುವ 625 ಲೀಟರು ಆ ಶಾಲೆಯ ಮಕ್ಕಳದು. ಬಾಟಲಿ ನೀರು ಬೇಡವೇ ಬೇಡ. ಕುದಿಸಿ ಆರಿಸಿದ ನೀರನ್ನು ರಾತ್ರಿಯೇ ತುಂಬಿಟ್ಟುಕೊಂಡರೆ ಸಾಕು. ತಂದ ಕಸವನ್ನು ತಂದವನೇ ತನ್ನ ಊರಿಗೆ ಹಿಂದಕ್ಕೆ ಒಯ್ಯಬೇಕು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಹಲವು ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಪರಿಸರದ ಹೆಸರಿನ ಗುಂಪು ಕಾನೂನಿಗಿಂತ ಒಂದು ಹೆಜ್ಜೆ ಮುಂದಿರಬೇಕು.

ನಾಲ್ಕನೆಯದು, ಕೆಲಸದ ಹಂಚಿಕೆ. ಅಡುಗೆ, ಪಾತ್ರೆ, ಶೌಚಾಲಯ ತೊಳೆಯುವುದು, ಪಂಕ್ಚರ್ ತಿದ್ದುವುದು ಎಲ್ಲವೂ ಸರದಿಯಂತೆ ಎಲ್ಲರಿಗೂ ಬರಬೇಕು. ಹೆಣ್ಣುಮಕ್ಕಳು ಒಲೆಯ ಮುಂದೆ, ಗಂಡುಮಕ್ಕಳು ಸೈಕಲ್ಲಿನ ಮುಂದೆ ಎಂಬ ವಿಭಜನೆ ಕೂಡದು. ಸಂಘಟಕರ ಹೆಸರೂ ಸರದಿಯ ಪಟ್ಟಿಯಲ್ಲಿ ಇರಬೇಕು, ಅದೂ ಮೊದಲ ದಿನದಲ್ಲಿಯೇ. ತಪ್ಪಿದವರಿಗೆ 500 ರೂಪಾಯಿ ದಂಡ ಎಂದು ನನ್ನ ಶಿಷ್ಯ ಬರೆದಿದ್ದನು. ಅದನ್ನು ನಾನು ಹೊಡೆದುಹಾಕಿದೆ. ದಂಡ ಕಟ್ಟಬಲ್ಲವನಿಗೆ ಅದು ಅನುಮತಿ ಚೀಟಿಯಿದ್ದಂತೆ. ಹಣ ಕೊಟ್ಟು ಕಸ ಎಸೆಯುತ್ತಾನೆ. ಅದರ ಬದಲು ಪ್ರತಿ ಸಂಜೆ ಅರ್ಧ ಗಂಟೆ ಎಲ್ಲರೂ ವೃತ್ತಾಕಾರವಾಗಿ ಕುಳಿತು ಆ ದಿನ ನಡೆದುದನ್ನು ಮುಕ್ತವಾಗಿ ಮಾತನಾಡಲಿ.

ಐದನೆಯದು, ಕಾಡಿನ ಮರ್ಯಾದೆ. ಧ್ವನಿವರ್ಧಕ ಕೂಡದು, ಕತ್ತಲಾದ ಮೇಲೆ ಸವಾರಿ ಕೂಡದು, ರಸ್ತೆ ಬಿಟ್ಟು ಕಾಡಿನೊಳಗೆ ಸೈಕಲ್ ನುಗ್ಗಿಸಕೂಡದು. ಇದರಲ್ಲಿ ನಮ್ಮ ಕ್ಷೇಮವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಅದರ ಭಯ ಹೆಚ್ಚು. ಹೋಗುವ ಮುನ್ನ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು ಕಡ್ಡಾಯವಾಗಲಿ.

ಕೊನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಕೇಳಿಸಿಕೊಳ್ಳುವುದು. ಪಟ್ಟಿಯಲ್ಲಿ ಪ್ರತಿ ಊರಿನಲ್ಲೂ ‘ಗ್ರಾಮಸ್ಥರಿಗೆ ಪರಿಸರ ಜಾಗೃತಿ ಭಾಷಣ’ ಎಂದಿತ್ತು. ಯಾರಿಗೆ ಯಾರು ಭಾಷಣ ಮಾಡುವುದು? 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು, ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆ ಹಿನ್ನೀರಿನಡಿ ಮನೆ, ಗದ್ದೆ, ತೋಟಗಳನ್ನು ಬಿಟ್ಟು ಹೊರಟ ಕುಟುಂಬಗಳು ಹೊಸ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಬೆಂಗಳೂರಿನ ನಮ್ಮ ದೀಪಗಳು ಉರಿದದ್ದು ಅವರ ಊರುಗಳು ಮುಳುಗಿದುದರಿಂದ. ಅವರ ಮುಂದೆ ನಿಂತು ‘ವಿದ್ಯುತ್ ಉಳಿಸಿರಿ’ ಎಂದು ಹೇಳುವುದು ಹೇಗೆ? ಭಾಷಣವನ್ನು ಪಟ್ಟಿಯಿಂದ ತೆಗೆದು, ಪ್ರತಿ ಊರಿನಲ್ಲೂ ಒಬ್ಬ ಹಿರಿಯರ ಮಾತನ್ನು ಒಂದು ಗಂಟೆ ಕೇಳುವುದೆಂದು ಬರೆಯಲು ಸೂಚಿಸಿದೆ.

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಯಾರು ಬರುತ್ತಾರೆ, ವರ್ಷವಿಡೀ ದುಡಿದವರು ನಾಲ್ಕು ದಿನ ಸಂತೋಷವಾಗಿರಲೆಂದು ಬರುತ್ತಾರಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಸಂತೋಷಕ್ಕಾಗಿ ಪ್ರವಾಸ ಹೋಗುವುದರಲ್ಲಿ ಯಾವ ದೋಷವೂ ಇಲ್ಲ. ಅದನ್ನು ಪ್ರವಾಸವೆಂದೇ ಕರೆಯಲಿ. ಪರಿಸರದ ಹೆಸರನ್ನು ಇಟ್ಟುಕೊಂಡ ಮೇಲೆ ಆ ಹೆಸರಿನ ಋಣವನ್ನೂ ತೀರಿಸಬೇಕಾಗುತ್ತದೆ. 25 ಮಂದಿ 12 ಆದರೂ ಚಿಂತೆಯಿಲ್ಲ. ಏನನ್ನು ನಿರೀಕ್ಷಿಸಲಾಗಿದೆ ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ತಿಳಿಸಿದರೆ ಯಾರಿಗೂ ಮೋಸವಾಗುವುದಿಲ್ಲ. ತರಗತಿಯಲ್ಲಿಯೂ ನಾನು ಕಂಡುಕೊಂಡದ್ದು ಇದನ್ನೇ: ಮಕ್ಕಳು ಕಷ್ಟದ ಕೆಲಸಕ್ಕೆ ಬೇಸರಿಸುವುದಿಲ್ಲ, ಮೊದಲೇ ಹೇಳದೆ ಹೊರಿಸಿದ ಕೆಲಸಕ್ಕೆ ಬೇಸರಿಸುತ್ತಾರೆ.

ಶಿಷ್ಯನಿಂದ ಮರುಪತ್ರ ಬಂದಿದೆ. ಲಾರಿಯನ್ನು ಬಿಟ್ಟಿದ್ದಾರೆ, ಒಂದು ದಿನ ಹೆಚ್ಚಿಸಿದ್ದಾರೆ. ದಂಡದ ವಿಷಯದಲ್ಲಿ ಗೆಳೆಯರಲ್ಲಿ ಇನ್ನೂ ಒಮ್ಮತವಿಲ್ಲವಂತೆ. ಏಳು ಮಂದಿ ಹೆಸರು ಹಿಂತೆಗೆದುಕೊಂಡಿದ್ದಾರೆ. ಸಾಮಾನ್ಯ ಸೈಕಲ್ ಉಳ್ಳ ಮೂವರು ಹೊಸದಾಗಿ ಸೇರಿದ್ದಾರೆ. ಯಾತ್ರೆ ಮುಗಿಸಿ ಬೆಂಗಳೂರಿಗೆ ಮರಳಿದ ಮೇಲೆ ಅವರಲ್ಲಿ ಎಷ್ಟು ಮಂದಿ ತರಕಾರಿ ತರಲು ಸೈಕಲ್ ಹತ್ತುತ್ತಾರೆ ಎಂಬುದನ್ನು ಬರೆದು ತಿಳಿಸಬೇಕೆಂದು ಕೇಳಿಕೊಂಡಿದ್ದೇನೆ. ಎಲ್ಲರೂ ಕ್ಷೇಮವಾಗಿ ಹೋಗಿಬರಲೆಂದು ಹಾರೈಸುತ್ತೇನೆ.