ಮಾಡಿ ಕಲಿಯುವ ವಿದ್ಯೆ

ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಅಂಕಗಳನ್ನು ಪಡೆದ ಹುಡುಗಿಯು, ಮನೆಯ ಗೋಡೆಗಳಿಗೆ ಸುಣ್ಣ ಹೊಡೆಯಿಸಲು ಎಷ್ಟು ಖರ್ಚಾದೀತೆಂದು ಕೇಳಿದರೆ ಉತ್ತರ ಹೇಳಲಾರದೆ ನಿಲ್ಲುವುದುಂಟು. ವಿಸ್ತೀರ್ಣದ ಸೂತ್ರವು ಆಕೆಗೆ ಬಾಯಿಪಾಠವಾಗಿದೆ. ಆದರೆ ಆ ಸೂತ್ರವು ಈ ಗೋಡೆಯದೆಂಬುದು ತಿಳಿದಿಲ್ಲ. ನಮ್ಮ ಹಿರಿಯರು ಇಂಥ ವಿದ್ಯೆಗೆ ಪುಸ್ತಕದ ಬದನೆಕಾಯಿ ಎಂದು ಹೆಸರಿಟ್ಟರು. ಈ ಕೊರತೆಯನ್ನು ನೀಗಲು ಶಿಕ್ಷಣಜ್ಞರು ಕಂಡುಕೊಂಡ ಮಾರ್ಗಗಳಲ್ಲಿ ಯೋಜನಾ ಪದ್ಧತಿಯು ಒಂದು; ಅಂದರೆ ಬಾಳಿನ ನಿಜವಾದ ಒಂದು ಕೆಲಸವನ್ನು ಮಕ್ಕಳ ಕೈಗೆ ಕೊಟ್ಟು, ಆ ಕೆಲಸದ ಮೂಲಕವೇ ಗಣಿತ, ವಿಜ್ಞಾನ, ಭಾಷೆ, ಚರಿತ್ರೆಗಳನ್ನು ಕಲಿಸುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅನುಭವದ ಮೂಲಕ ಕಲಿಯುವುದನ್ನು ಎತ್ತಿ ಹೇಳಿದ ಮೇಲಂತೂ 'ಪ್ರಾಜೆಕ್ಟು' ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಹೀಗಿರಲು ಈ ಪದ್ಧತಿಯ ತಿರುಳೇನು, ಹೆಣ್ಣುಮಕ್ಕಳ ಶಾಲೆಯಲ್ಲಿ ಅದು ಹೇಗಿರತಕ್ಕದ್ದು, ತಾಯಿತಂದೆಗಳು ಅದಕ್ಕೆ ಹೇಗೆ ನೆರವಾಗಬೇಕು ಎಂಬುದನ್ನು ವಿಚಾರಮಾಡುವುದು ಅನುಚಿತವಾಗಲಾರದು.

ಈ ಪದ್ಧತಿಯು ನಿನ್ನೆ ಮೊನ್ನೆ ಹುಟ್ಟಿದುದಲ್ಲ. 1896ರಲ್ಲಿ ಜಾನ್ ಡ್ಯೂಯಿ ಎಂಬ ತತ್ತ್ವಜ್ಞಾನಿಯು ಅಮೆರಿಕದ ಚಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದನು. ಅಲ್ಲಿಯ ಮಕ್ಕಳು ಅಡಿಗೆ, ನೇಯ್ಗೆ, ಬಡಗಿಯ ಕೆಲಸಗಳಲ್ಲಿ ತೊಡಗಿ ಪಾಠ ಕಲಿಯುತ್ತಿದ್ದರು. ಒಂದು ತಂಡದ ಮಕ್ಕಳು ಅರ್ಧ ಗಂಟೆ ಕುಳಿತು ಹತ್ತಿಯ ಬೀಜಗಳನ್ನು ಕೈಯಿಂದ ಬಿಡಿಸಿದರು. ದೊರೆತ ಅರಳೆಯು ಒಂದು ಔನ್ಸಿಗೂ ಕಡಿಮೆ! ತಮ್ಮ ಪೂರ್ವಿಕರು ಹತ್ತಿಯ ಬಟ್ಟೆಗಳನ್ನು ಬಿಟ್ಟು ಉಣ್ಣೆಯ ಬಟ್ಟೆಗಳನ್ನೇ ಉಡುತ್ತಿದ್ದುದೇಕೆ ಎಂಬುದು ಆ ಮಕ್ಕಳಿಗೆ ಆಗ ತಾನಾಗಿ ಹೊಳೆಯಿತು. 1793ರಲ್ಲಿ ಎಲೈ ವಿಟ್ನಿಯು ಹತ್ತಿಯ ಬೀಜ ಬಿಡಿಸುವ ಯಂತ್ರವನ್ನು ಮಾಡಿದನೆಂಬ ಚರಿತ್ರೆಯ ವಾಕ್ಯವು ಬೆರಳು ನೊಂದ ಮಗುವಿಗೆ ಎಷ್ಟು ಅರ್ಥವತ್ತಾಗುವುದೆಂಬುದನ್ನು ವಾಚಕರೇ ಊಹಿಸಬಹುದು.

ಮುಂದೆ 1918ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಕಿಲ್ಪ್ಯಾಟ್ರಿಕ್ ಎಂಬವನು ತನ್ನ ಲೇಖನವೊಂದರಲ್ಲಿ ಈ ಪದ್ಧತಿಯನ್ನು ವಿವರಿಸಿ ಅದಕ್ಕೆ ಪ್ರಸಿದ್ಧಿಯನ್ನು ತಂದನು. ನಮ್ಮ ದೇಶದಲ್ಲಿ ಅದನ್ನು ಮೊದಮೊದಲು ಕೈಗೊಂಡವರಲ್ಲಿ ಮಿಷನ್ ಶಾಲೆಗಳವರೂ ಇದ್ದರೆಂಬುದು ಈ ಸಂಚಿಕೆಯ ವಾಚಕರಿಗೆ ಸಂತೋಷದ ಸಂಗತಿ. ಪಂಜಾಬಿನ ಮೋಗಾ ಎಂಬಲ್ಲಿ ಪ್ರೆಸ್ಬಿಟೇರಿಯನ್ ಮಿಷನಿನವರು ನಡೆಯಿಸುತ್ತಿದ್ದ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಿಲಿಯಂ ಮೆಕೀ ಮುಂತಾದವರು 1920ರ ದಶಕದಲ್ಲಿ ಹಳ್ಳಿಯ ಬಾಳಿಗೆ ಸೇರಿದ ಕೆಲಸಗಳನ್ನೇ ಪಾಠಗಳ ಕೇಂದ್ರವಾಗಿ ಮಾಡಿದರು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸಮ್ಮೇಳನವು ನೆರೆದು, ಒಂದು ಕೈಕಸುಬಿನ ಸುತ್ತ ಸಕಲ ಶಿಕ್ಷಣವನ್ನೂ ಹೆಣೆಯುವ ಮೂಲಶಿಕ್ಷಣದ ವಿಚಾರವನ್ನು ದೇಶದ ಮುಂದಿಟ್ಟಿತು. ಆ ಯೋಜನೆಯನ್ನು ಸಿದ್ಧಪಡಿಸಿದ ಜಾಕಿರ್ ಹುಸೇನ್ ಸಮಿತಿಯು ಒಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಕಸುಬಿನ ಆದಾಯಕ್ಕೆ ಕಣ್ಣಿಟ್ಟು ಶಿಕ್ಷಣವನ್ನು ಬಲಿಕೊಡುವ ಅಪಾಯವುಂಟೆಂದು. ಈ ಎಚ್ಚರಿಕೆಯು ಇಂದಿಗೂ ಸಲ್ಲುತ್ತದೆ. ಮಾಡಿದ ವಸ್ತುವು ಮುಖ್ಯವಲ್ಲ, ಮಾಡುವಾಗ ಮಗುವಿನ ಬುದ್ಧಿಯು ಏನನ್ನು ಕಂಡಿತೆಂಬುದು ಮುಖ್ಯ.

ಒಂದು ಉದಾಹರಣೆಯನ್ನು ನೋಡೋಣ. ಶಾಲೆಯ ಮಾಡಿನ ಮೇಲೆ ಬೀಳುವ ಮಳೆಯ ನೀರನ್ನು ಕೂಡಿಟ್ಟರೆ ನಮಗೆ ಎಷ್ಟು ದಿವಸಗಳಿಗೆ ಸಾಕಾದೀತು ಎಂಬ ಪ್ರಶ್ನೆಯನ್ನು ಎಂಟನೆಯ ತರಗತಿಯ ಹುಡುಗಿಯರಿಗೆ ಕೊಟ್ಟರೆನ್ನಿ. ಅವರು ಮೊದಲು ಮಾಡನ್ನು ಅಳೆಯಬೇಕು. ಇಳಿಜಾರಾದ ಹಂಚಿನ ಮಾಡಾದರೆ ಹಂಚಿನ ಉದ್ದವನ್ನು ಅಳೆಯುವುದೋ, ಮಾಡು ಕವಿದ ನೆಲವನ್ನು ಅಳೆಯುವುದೋ ಎಂಬ ವಾದ ಏಳುತ್ತದೆ. ಮಳೆಯು ನೇರವಾಗಿ ಬೀಳುವಾಗ ನೆಲದ ಅಳತೆಯೇ ಸರಿಯೆಂದು ಕಾಣುವುದಕ್ಕೆ ಅರ್ಧ ದಿವಸ ಹಿಡಿಯಬಹುದು. ಆದರೆ ಆ ಅರ್ಧ ದಿವಸದಲ್ಲಿ ಕಲಿತ ರೇಖಾಗಣಿತವು ಜನ್ಮದಲ್ಲಿ ಮರೆಯುವಂಥದಲ್ಲ. ಕವಿದ ನೆಲವು 20 ಮೀಟರ್ ಉದ್ದ, 10 ಮೀಟರ್ ಅಗಲವಾದರೆ 200 ಚದರ ಮೀಟರ್ ಆಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆದಕಾರಣ 25 ಮಿಲಿಮೀಟರ್ ಮಳೆಯಾದ ದಿವಸ 5,000 ಲೀಟರ್ ಬರುವುದು. ಸೋರಿ ಚೆಲ್ಲಿ ಐದರಲ್ಲೊಂದು ಪಾಲು ಹೋಯಿತೆಂದರೂ 4,000 ಲೀಟರ್ ಉಳಿಯಿತು. 400 ಮಂದಿ ದಿನಕ್ಕೆ ಎರಡೆರಡು ಲೀಟರ್ ಬಳಸಿದರೆ ಐದು ದಿವಸಗಳ ನೀರು ಅದು.

ಲೆಕ್ಕವು ಇಲ್ಲಿಗೆ ಮುಗಿಯಿತು, ಕೆಲಸವು ಮುಗಿಯಲಿಲ್ಲ. ನೇರವಾದ ಬದಿಗಳುಳ್ಳ ಪಾತ್ರೆಯನ್ನು ಅಂಗಳದಲ್ಲಿಟ್ಟು ದಿನದಿನವೂ ಮಳೆಯನ್ನು ಅಳೆದು ಬರೆಯಬೇಕು. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕೇಕೆ, ಕುದಿಸಿ ಕುಡಿಯಬೇಕೇಕೆ ಎಂಬುದು ವಿಜ್ಞಾನದ ಪಾಠ. ಘಟ್ಟದ ಕೆಳಗೆ ಧಾರಾಳವಾಗಿ ಸುರಿದ ಮೋಡವು ಬಯಲುಸೀಮೆಗೆ ಬರುವಷ್ಟರಲ್ಲಿ ಬಡವಾಗುವುದೇಕೆ ಎಂಬುದು ಭೂಗೋಳ. ಹಿಂದಿನವರು ಕೆರೆಗಳನ್ನು ಕಟ್ಟಿಸಿ ಶಾಸನ ಬರೆಯಿಸಿದುದು ಚರಿತ್ರೆ. ತೊಟ್ಟಿ ಕಟ್ಟಿಸಿಕೊಡಬೇಕೆಂದು ಶಾಲೆಯ ಆಡಳಿತದವರಿಗೆ ಖರ್ಚಿನ ಅಂದಾಜಿನೊಡನೆ ಬಿನ್ನವತ್ತಳೆ ಬರೆಯುವುದು ಭಾಷೆಯ ಪಾಠ. ಉತ್ತರವನ್ನು ನಿರೀಕ್ಷಿಸಿ ಬರೆದ ಪತ್ರದಲ್ಲಿ ಕಾಣುವ ಶ್ರದ್ಧೆಯು ಅಂಕಕ್ಕಾಗಿ ಬರೆದ ಪ್ರಬಂಧದಲ್ಲಿ ಕಾಣುವುದು ಅಪರೂಪ.

ಇದಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ಇಂಥ ಕೆಲಸಕ್ಕೆ ಕಾಲ ಬಹಳ ಬೇಕು, ಹತ್ತನೆಯ ತರಗತಿಯ ಪರೀಕ್ಷೆಯು ಕಾಯುತ್ತಾ ನಿಲ್ಲುವುದಿಲ್ಲ ಎನ್ನುವವರ ಮಾತಿನಲ್ಲಿ ಸತ್ಯಾಂಶವುಂಟು. ಮಗ್ಗಿಯನ್ನು ಬಾಯಿಪಾಠ ಮಾಡಿಯೇ ಕಲಿಯಬೇಕು. ವ್ಯಾಕರಣಕ್ಕೂ ಬೀಜಗಣಿತಕ್ಕೂ ಕುಳಿತು ಅಭ್ಯಾಸಮಾಡುವ ತಾಳ್ಮೆ ಬೇಕು. ಎಲ್ಲವನ್ನೂ ಯೋಜನೆಯಿಂದಲೇ ಕಲಿಸುವೆವೆಂದು ಹೊರಟರೆ ಮಕ್ಕಳ ವಿದ್ಯೆಯು ಅಲ್ಲಲ್ಲಿ ಹರಿದ ಬಟ್ಟೆಯಂತಾಗುವುದು. ಅಭ್ಯಾಸವೂ ಇರಲಿ, ಒಂದೊಂದು ತರಗತಿಗೆ ವರ್ಷದಲ್ಲಿ ಎರಡು ಕೆಲಸಗಳು, ಆದರೆ ನಿಜವಾದವು, ಇರಲಿ.

ಹೆಣ್ಣುಮಕ್ಕಳ ಶಾಲೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಾಡಿ ಕಲಿಯುವುದೆಂಬುದು ನಮ್ಮ ಹುಡುಗಿಯರಿಗೆ ಹೊಸತೇನಲ್ಲ. ಹೊಲಿಗೆ, ಕಸೂತಿ, ಅಡಿಗೆಗಳನ್ನು ಬಹುಕಾಲದಿಂದ ಶಾಲೆಗಳಲ್ಲಿ ಅವರಿಗೆ ಕಲಿಸಲಾಗಿದೆ. ಆದರೆ ಎಷ್ಟೋ ಕಡೆಗಳಲ್ಲಿ ಅವು ಗಣಿತಕ್ಕೂ ವಿಜ್ಞಾನಕ್ಕೂ ಬಾಗಿಲಾಗದೆ, ಅವುಗಳಿಗೆ ಬದಲಾಗಿ ನಿಂತವು. ಹುಡುಗರಿಗೆ ರಸಾಯನಶಾಸ್ತ್ರ, ಹುಡುಗಿಯರಿಗೆ ಒಲೆ ಎಂಬ ಹಂಚಿಕೆಯು ಪುನಃ ಯೋಜನೆಯ ವೇಷದಲ್ಲಿ ಒಳಗೆ ಬರಬಾರದು. ಎಲೆನ್ ಸ್ವಾಲೋ ರಿಚರ್ಡ್ಸ್ ಎಂಬಾಕೆಯು 1870ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಶಾಲೆಯನ್ನು ಸೇರಿದ ಪ್ರಥಮ ಸ್ತ್ರೀ. 1887ರಿಂದ ಆ ರಾಜ್ಯದ ಕುಡಿಯುವ ನೀರಿನ ಸಾವಿರಾರು ಮಾದರಿಗಳ ಪರೀಕ್ಷೆಯಲ್ಲಿ ಆಕೆಯ ಪಾತ್ರವು ದೊಡ್ಡದಾಗಿತ್ತು; ಗೃಹವಿಜ್ಞಾನಕ್ಕೆ ಅಡಿಗಲ್ಲನ್ನಿಟ್ಟವರಲ್ಲಿಯೂ ಆಕೆಯೊಬ್ಬಳು. ಮನೆಯ ನೀರು, ಗಾಳಿ, ಆಹಾರಗಳನ್ನು ಆಕೆಯು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದಳು. ದೋಸೆಯ ಹಿಟ್ಟು ಹುದುಗುವುದನ್ನು ನಮ್ಮ ಹುಡುಗಿಯು ಹೇಗೂ ನೋಡಿರುತ್ತಾಳೆ. ಚಳಿಗಾಲದಲ್ಲಿ ಅದು ತಡವಾಗುವುದೇಕೆಂದು ಕೇಳಿ, ಶಾಖವನ್ನು ಅಳೆದು, ಗಂಟೆಗಳನ್ನು ಬರೆದಿಟ್ಟು, ಸೂಕ್ಷ್ಮಜೀವಿಗಳ ಪಾಠಕ್ಕೆ ಆಕೆಯು ಹೋಗುವಂತಾಗಬೇಕು. ಅಡಿಗೆಮನೆಯಿಂದ ಹೊರಟ ಪಾಠವು ಅಡಿಗೆಮನೆಯಲ್ಲಿಯೇ ನಿಂತುಹೋಗಬಾರದು.

ಕೊನೆಯದಾಗಿ ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಈಗಿನ ಪ್ರಾಜೆಕ್ಟುಗಳಲ್ಲಿ ಹಲವನ್ನು ಮಾಡುವವರು ಮಕ್ಕಳಲ್ಲ. ಥರ್ಮಾಕೋಲಿನ ಮಾದರಿಯನ್ನು ಅಂಗಡಿಯಿಂದ ಕೊಳ್ಳುವುದುಂಟು. ತಂದೆಯು ರಾತ್ರಿ ಕುಳಿತು ಬಣ್ಣ ಬಳಿಯುವುದುಂಟು. ತಾಯಿಯು ಅಂತರ್ಜಾಲದಿಂದ ಪುಟಗಳನ್ನು ತೆಗೆದು ಅಂಟಿಸುವುದುಂಟು. ಒಳ್ಳೆಯ ಅಂಕ ಬರಲೆಂಬ ಪ್ರೀತಿಯಿಂದಲೇ ಹೀಗಾಗುತ್ತದೆ, ಸಂದೇಹವಿಲ್ಲ. ಆದರೆ ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯಲ್ಲಿ ಕೆಸರು ಒಬ್ಬರದು, ಮೊಸರು ಇನ್ನೊಬ್ಬರದು ಎಂದಿಲ್ಲ. ಮಗಳು ಅಳೆದ ಅಳತೆಯು ತಪ್ಪಾದರೆ ತಪ್ಪಾಗಲಿ. ಆಕೆಯ ಹೊಲಿಗೆ ಸೊಟ್ಟಗಾಗಲಿ, ಪತ್ರವನ್ನು ಎರಡನೆಯ ಸಲ ಬರೆಯಬೇಕಾಗಿ ಬರಲಿ. ತಪ್ಪನ್ನು ತಾನೇ ಕಂಡು ತಿದ್ದಿದ ಹುಡುಗಿಗೆ ಮುಂದಿನ ಸಲ ಅಳೆಯಲು ಅಂಜಿಕೆಯಿರದು. ಉಪಾಧ್ಯಾಯಿನಿಯರು ಸಹ ಅಂದವಾದ ಮಾದರಿಗಿಂತ ಸೊಟ್ಟಾದರೂ ಸ್ವಂತದ್ದಾದ ಕೆಲಸಕ್ಕೆ ಹೆಚ್ಚು ಬೆಲೆ ಕೊಡತಕ್ಕದ್ದು.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರು ಈ ಕಾರ್ಯದಲ್ಲಿ ಶಾಲೆಗೆ ಬಹಳ ನೆರವಾಗಬಲ್ಲರು. ನಿಮ್ಮಲ್ಲಿ ಆಸ್ಪತ್ರೆಗಳಲ್ಲಿ ದಾದಿಯರಾಗಿರುವವರು, ಬ್ಯಾಂಕುಗಳಲ್ಲಿರುವವರು, ತೋಟದ ಲೆಕ್ಕ ನೋಡುವವರು, ಅಂಗಡಿ ನಡೆಯಿಸುವವರು ಇದ್ದೀರಿ. ಹಣದ ಕಾಣಿಕೆಯು ಶಾಲೆಗೆ ಬೇಕಾದುದೇ. ಅದರ ಜೊತೆಗೆ ನಿಮ್ಮ ಕೆಲಸದಲ್ಲಿ ಏಳುವ ನಿಜವಾದ ಒಂದು ಪ್ರಶ್ನೆಯನ್ನು ತಂದು ಈ ಹುಡುಗಿಯರ ಮುಂದಿಡಿರಿ. ಔಷಧದ ಪ್ರಮಾಣವನ್ನು ಮಗುವಿನ ತೂಕಕ್ಕೆ ಹೇಗೆ ಲೆಕ್ಕಹಾಕುತ್ತಾರೆ, ಸಾಲದ ಬಡ್ಡಿಯು ಹೇಗೆ ಬೆಳೆಯುತ್ತದೆ ಎಂದು ತೋರಿಸಿರಿ. ವರ್ಷಕ್ಕೆ ಒಂದು ದಿವಸವನ್ನು ಅದಕ್ಕಾಗಿ ಎತ್ತಿಟ್ಟರೆ ಸಾಕು.