ಕಾಣೆಯಾದ ಒಬ್ಬಳು, ಲೆಕ್ಕಕ್ಕೆ ಬಾರದ ಹಲವರು

ಸ್ವೀಡನ್ನಿನ ಸ್ಟೀಗ್ ಲಾರ್ಸನ್ ಅವರ ಪ್ರಸಿದ್ಧ ಪತ್ತೇದಾರಿ ಕಾದಂಬರಿಯ ಮೂಲ ಹೆಸರಿನ ಅರ್ಥ ‘ಹೆಣ್ಣನ್ನು ದ್ವೇಷಿಸುವ ಗಂಡಸರು’ ಎಂದು. 2005ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಕಟವಾದ ಈ ಕೃತಿ ಇಂಗ್ಲಿಷಿಗೆ ಬರುವಾಗ ‘ದಿ ಗರ್ಲ್ ವಿತ್ ದ ಡ್ರ್ಯಾಗನ್ ಟ್ಯಾಟೂ’ ಆಯಿತು. ಹಚ್ಚೆಯ ಹುಡುಗಿ! ಪುಸ್ತಕದಂಗಡಿಗೆ ಇದು ಒಪ್ಪುವ ಹೆಸರೇ ಇರಬಹುದು. ಆದರೆ ಆಪಾದನೆಯಾಗಿದ್ದ ಶೀರ್ಷಿಕೆ ಅಲಂಕಾರವಾಗಿ ಹೋಯಿತು. ಇದನ್ನು ನೋಡಲು ಲೇಖಕರಿರಲಿಲ್ಲ. ಕಾದಂಬರಿ ಅಚ್ಚಾಗುವ ಮೊದಲೇ, 2004ರ ನವೆಂಬರಿನಲ್ಲಿ, ತಮ್ಮ 50ನೆಯ ವಯಸ್ಸಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡಿದ್ದರು.

ಕಥೆ ಬಲ್ಲವರು ಬಹಳ. 1966ರಲ್ಲಿ ಹ್ಯಾರಿಯೆಟ್ ವ್ಯಾಂಗರ್ ಎಂಬ 16ರ ಹುಡುಗಿ ದ್ವೀಪವೊಂದರಿಂದ ಕಾಣೆಯಾಗುತ್ತಾಳೆ. ಅಂದೇ ಸೇತುವೆಯ ಮೇಲೆ ಟ್ಯಾಂಕರೊಂದು ಅಪಘಾತಕ್ಕೀಡಾಗಿ ಹೊರಹೋಗುವ ದಾರಿ ಮುಚ್ಚಿರುತ್ತದೆ. ಆಕೆಯ ಅಜ್ಜನ ತಮ್ಮನಾದ ಉದ್ಯಮಿ ಹೆನ್ರಿಕ್‌ಗೆ ಪ್ರತಿ ಜನ್ಮದಿನದಂದು ಕಟ್ಟು ಹಾಕಿದ ಒಣಹೂವೊಂದು ಅಂಚೆಯಲ್ಲಿ ಬರುತ್ತದೆ. ಕಳಿಸುವವರು ಯಾರೋ ತಿಳಿಯದು. ಮೂರೂವರೆ ದಶಕಗಳ ಬಳಿಕ ಪತ್ರಕರ್ತ ಮಿಕಾಯೆಲ್ ಬ್ಲೂಮ್‌ಕ್ವಿಸ್ಟ್‌ನಿಗೆ ಆ ಮುದುಕ ಹುಡುಕಾಟವನ್ನು ಒಪ್ಪಿಸುತ್ತಾನೆ.

ನನಗೆ ಪ್ರಿಯವಾದುದು ಹೊಡೆದಾಟದ ಭಾಗವಲ್ಲ, ಛಾಯಾಚಿತ್ರಗಳ ಭಾಗ. ಆ ದಿನದ ಮೆರವಣಿಗೆಯ ಹಳೆಯ ಚಿತ್ರಗಳಲ್ಲಿ ಹ್ಯಾರಿಯೆಟ್ ಬೀದಿಯ ಆಚೆ ಬದಿಯಲ್ಲಿ ಏನನ್ನೋ ಕಂಡು ಬೆಚ್ಚಿದ್ದಾಳೆ. ಏನನ್ನು ಕಂಡಳು? ಅದೇ ಚಿತ್ರದಲ್ಲಿ ಕ್ಯಾಮೆರಾ ಹಿಡಿದ ಅಪರಿಚಿತ ಹೆಂಗಸೊಬ್ಬಳಿದ್ದಾಳೆ. ಅವಳ ಕ್ಯಾಮೆರಾ ತಿರುಗಿರುವುದು ಆ ಬದಿಗೇ. ಬ್ಲೂಮ್‌ಕ್ವಿಸ್ಟ್ ದೂರದ ನೋರ್ಶೋ ಎಂಬ ಊರಿನವರೆಗೂ ಆಕೆಯನ್ನು ಅರಸಿ ಹೋಗುತ್ತಾನೆ. ಒಂದು ದಾಖಲೆಯನ್ನು ಇನ್ನೊಂದರಿಂದ ಪರೀಕ್ಷಿಸುವುದನ್ನು ಮಕ್ಕಳಿಗೆ ಕಲಿಸಬೇಕಾದವರು ಈ ಅಧ್ಯಾಯಗಳನ್ನು ಓದಲೇಬೇಕು.

ನನ್ನ ತಕರಾರು ಇರುವುದು ಕೊನೆಯಲ್ಲಿ. ಕೊಲೆಗಾರನ ಹೆಸರು ಹೇಳಿ ಓದುಗರ ಸುಖ ಕೆಡಿಸಲಾರೆ. ಹ್ಯಾರಿಯೆಟ್‌ಳನ್ನು ಹುಡುಕುತ್ತ ಹೋದವನಿಗೆ, ಯಾರೂ ಹುಡುಕದ ಹಲವು ಹೆಂಗಸರ ಸಾವು ಎದುರಾಗುತ್ತದೆ ಎಂದಷ್ಟೇ ಹೇಳುವೆ. ಅವರ ಬೆನ್ನಿಗೆ ಕೋಟ್ಯಧೀಶ ಅಜ್ಜನಿರಲಿಲ್ಲ. ಸತ್ಯ ತಿಳಿದ ಪತ್ರಕರ್ತ ಅದನ್ನು ಪ್ರಕಟಿಸದೆ ಸುಮ್ಮನಾಗುತ್ತಾನೆ. ಪ್ರಕಟಿಸಿದರೆ ನೊಂದ ಜೀವವೊಂದು ಮತ್ತೆ ನೋಯುತ್ತದೆ ಎಂಬುದು ಕೊಡುವ ಕಾರಣ. ಅದು ಸುಳ್ಳೇನೂ ಅಲ್ಲ. ಸತ್ತವರನ್ನು ಗುರುತಿಸಲು ಯತ್ನಿಸಬೇಕು, ಅವರ ಮನೆಯವರಿಗೆ ಪರಿಹಾರ ಕೊಡಬೇಕು ಎಂದು ಲಿಸ್ಬೆತ್ ಸಲಾಂಡರ್ ಷರತ್ತು ಹಾಕುತ್ತಾಳೆ, ನಿಜ. ಆದರೆ ಮಗಳು ಏನಾದಳೆಂದು ಬಲ್ಲದ ತಾಯಿಗೆ ಮೊದಲು ಬೇಕಾದುದು ಹಣವೇ?

ಲಾರ್ಸನ್ ಸ್ವತಃ ಪತ್ರಕರ್ತರು. ಉಗ್ರ ಬಲಪಂಥೀಯರ ಚಟುವಟಿಕೆಗಳನ್ನು ಬಯಲಿಗೆಳೆಯಲೆಂದೇ 1995ರಲ್ಲಿ ‘ಎಕ್ಸ್‌ಪೋ’ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಕಾದಂಬರಿಯ ಪ್ರತಿ ಭಾಗದ ಮೊದಲಲ್ಲೂ ಸ್ವೀಡನ್ನಿನ ಹೆಂಗಸರ ಮೇಲಿನ ದೌರ್ಜನ್ಯದ ಅಂಕಿಯೊಂದನ್ನು ಇಟ್ಟವರು. ಅಂಥವರು ಕಥೆಯೊಳಗಿನ ಈ ಹೆಂಗಸರನ್ನೂ ಬರಿಯ ಅಂಕಿಯಾಗಿ ಬಿಟ್ಟದ್ದು ನನಗೆ ಒಗ್ಗಲಿಲ್ಲ. 2006 ಮತ್ತು 2007ರಲ್ಲಿ ಬಂದ ಮುಂದಿನ ಎರಡು ಸಂಪುಟಗಳು ಸಲಾಂಡರಳ ಬಾಲ್ಯದತ್ತ ಹೊರಳಿಕೊಳ್ಳುತ್ತವೆ.