ಹೆಸರು ಬರೆಯುವ ಚೌಕ: ಬುಕಿಂಗ್ ವೆಬ್‌ಸೈಟ್ ಇರುವವರಲ್ಲಿ ಒಂದು ಮನವಿ

ಹೋಂಸ್ಟೇಗಳ ಜಗಲಿಯಲ್ಲಿ ಮೊದಲೆಲ್ಲ ಒಂದು ಉದ್ದನೆಯ ಪುಸ್ತಕ ಇರುತ್ತಿತ್ತು. ಬಂದವರು ಹೆಸರು, ಊರು, ಫೋನ್ ನಂಬರ್ ಬರೆದು ಸಹಿ ಹಾಕುತ್ತಿದ್ದರು. ಯಾರಾದರೂ ತುಂಟರು ಅದರಲ್ಲಿ "ಬೀರುವಿನ ಬೀಗದ ಕೈ ನನಗೆ ಕೊಡಿ" ಎಂದು ಗೀಚಿದ್ದರೂ ಆ ಪುಸ್ತಕ ಎದ್ದು ಹೋಗಿ ಬೀಗದ ಕೈ ತಂದುಕೊಡುತ್ತಿರಲಿಲ್ಲ. ಬರೆದದ್ದು ಬರಹವಾಗಿಯೇ ಉಳಿಯುತ್ತಿತ್ತು. ಈಗ ಆ ಪುಸ್ತಕದ ಜಾಗದಲ್ಲಿ ವೆಬ್‌ಸೈಟ್‌ನ ಬುಕಿಂಗ್ ಫಾರಂ ಬಂದು ಕೂತಿದೆ. ಕೆಲವು ಸಲ ಅದು, ತನ್ನಲ್ಲಿ ಬರೆದದ್ದನ್ನು ಅಪ್ಪಣೆ ಎಂದುಕೊಂಡು ನಡೆಸಿಕೊಟ್ಟುಬಿಡುತ್ತದೆ.

ನಿಜವಾಗಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಅಮೀಲಿಯಾ ಎಂಬುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ವೆಬ್‌ಸೈಟ್‌ಗಳಿಗೆ ಜೋಡಿಸುವ ಒಂದು ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯ ಕೊಡುವ ಪ್ರೋಗ್ರಾಂ. ಕ್ಲಿನಿಕ್, ಸಲೂನ್, ಯೋಗ ತರಗತಿಗಳಂಥವರು ಅಪಾಯಿಂಟ್‌ಮೆಂಟ್ ಕೊಡಲು ಅದನ್ನು ಬಳಸುತ್ತಾರೆ. ಅದರಲ್ಲಿದ್ದ ಒಂದು ದೋಷ 2022ರಲ್ಲಿ ಬಹಿರಂಗವಾಯಿತು. 1.0.46 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಅದು ಇತ್ತು. ಇಂಥ ದೋಷಗಳನ್ನು ಪಟ್ಟಿ ಮಾಡುವ ದಾಖಲೆಯಲ್ಲಿ ಅದರ ಸಂಖ್ಯೆ ಸಿವಿಇ-2022-0834. ದೋಷ ಅಡಗಿದ್ದದ್ದು ಯಾವುದೋ ಗಹನವಾದ ಜಾಗದಲ್ಲಲ್ಲ, ಗ್ರಾಹಕರು ತಮ್ಮ ಕೊನೆಯ ಹೆಸರನ್ನು ತುಂಬುವ ಚೌಕದಲ್ಲಿ. ಅಲ್ಲಿ ಹೆಸರಿನ ಬದಲು ಒಂದು ಸ್ಕ್ರಿಪ್ಟ್, ಅಂದರೆ ಬ್ರೌಸರ್ ನಡೆಸಬಲ್ಲ ಸಣ್ಣ ಪ್ರೋಗ್ರಾಂ, ಬರೆದಿಟ್ಟರೆ ಸಾಕಿತ್ತು. ಮುಂದೆ ಯಾರಾದರೂ ಬುಕಿಂಗ್ ಕ್ಯಾಲೆಂಡರ್‌ನಲ್ಲಿ ಆ ದಿನಾಂಕವನ್ನು ತೆರೆದಾಗ ಅದು ತಾನಾಗಿ ಓಡುತ್ತಿತ್ತು.

ಯಾರು ತೆರೆಯುತ್ತಾರೆ ಹೇಳಿ? ಬೆಳಗ್ಗೆ ಕಾಫಿ ಲೋಟ ಹಿಡಿದು, ಇವತ್ತು ಎಷ್ಟು ಜನ ಬರುತ್ತಾರೆ ಎಂದು ನೋಡುವ ನೀವೇ. ಆ ಹೊತ್ತಿಗೆ ನೀವು ಲಾಗಿನ್ ಆಗಿರುತ್ತೀರಿ. ಸ್ಕ್ರಿಪ್ಟ್ ಓಡುವುದು ನಿಮ್ಮ ಬ್ರೌಸರ್‌ನಲ್ಲಿ, ನಿಮ್ಮ ಅಧಿಕಾರದಲ್ಲಿ. ನಿಮ್ಮ ಪಾಸ್‌ವರ್ಡ್ ಕದಿಯುವ ಅಗತ್ಯವೂ ಅದಕ್ಕಿಲ್ಲ. ನಿಮ್ಮ ಹೆಸರಿನಲ್ಲೇ ಅದು ಹೊಸ ಅಡ್ಮಿನ್ ಖಾತೆ ತೆರೆಯಬಹುದು. ಅತಿಥಿಗಳ ಫೋನ್ ನಂಬರ್‌ಗಳನ್ನು ಬೇರೆಡೆಗೆ ಸಾಗಿಸಬಹುದು. ಮುಂಗಡ ಕಟ್ಟುವ ಕೊಂಡಿಯನ್ನೇ ಬದಲಿಸಬಹುದು. ನಿಮ್ಮ ಕಣ್ಣಿಗೆ ಕಾಣುವುದು ಮಾತ್ರ ಒಂದು ಬುಕಿಂಗ್, ಅದರಲ್ಲೊಂದು ವಿಚಿತ್ರ ಹೆಸರು.

ಇದನ್ನು ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್ ಎನ್ನುತ್ತಾರೆ, ಚಿಕ್ಕದಾಗಿ ಎಕ್ಸ್‌ಎಸ್‌ಎಸ್. ಹೊಸ ರೋಗವೇನಲ್ಲ. ಅಮೆರಿಕದ ಸರ್ಟ್ ಎಂಬ ಕಂಪ್ಯೂಟರ್ ಸುರಕ್ಷತಾ ಸಂಸ್ಥೆ ಈ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿದ್ದು 2000ದ ಫೆಬ್ರುವರಿಯಲ್ಲಿ. 2005ರ ಅಕ್ಟೋಬರ್‌ನಲ್ಲಿ ಸ್ಯಾಮಿ ಕಾಮ್ಕರ್ ಎಂಬ ಯುವಕ ಮೈಸ್ಪೇಸ್ ಜಾಲತಾಣದ ತನ್ನ ಪುಟದಲ್ಲಿ ಇಂಥದ್ದೊಂದು ಸ್ಕ್ರಿಪ್ಟ್ ಇಟ್ಟ. ಪುಟ ನೋಡಿದವರೆಲ್ಲ ತಮಗೆ ಗೊತ್ತಿಲ್ಲದೆ ಅವನ ಸ್ನೇಹಿತರಾದರು. ಅವರ ಪುಟ ನೋಡಿದವರೂ ಆದರು. ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷ ದಾಟಿತು. ಅವನಿಗೆ ಅದು ತಮಾಷೆಯಾಗಿತ್ತು. ಬುಕಿಂಗ್ ಫಾರಂಗೆ ಬರುವವರೆಲ್ಲ ತಮಾಷೆಗೆ ಬರುವುದಿಲ್ಲ.

ಹಾಗಾದರೆ ಹೆಸರಿನ ಚೌಕದಲ್ಲಿ ಅಕ್ಷರ ಬಿಟ್ಟು ಬೇರೇನನ್ನೂ ಸೇರಿಸದಿದ್ದರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಅನೇಕರಿಗೆ ಮೊದಲು ಹೊಳೆಯುವುದು ಅದೇ. ಆದರೆ ಮಂಗಳೂರಿನ ಡಿಸೋಜ, ಡಿಸಿಲ್ವ ಮನೆತನದವರನ್ನು ಕೇಳಿ ನೋಡಿ. ಇಂಗ್ಲಿಷಿನಲ್ಲಿ ಬರೆಯುವಾಗ ಅವರ ಹೆಸರಿನ 'ಡಿ' ಆದ ಮೇಲೆ, ಸಾಲಿನ ಮೇಲ್ಗಡೆ ಅಲ್ಪವಿರಾಮದಂಥ ಒಂದು ಚಿಹ್ನೆ ಬರುತ್ತದೆ. ಅದನ್ನು ಕಂಡ ಕೂಡಲೇ ಎಷ್ಟೋ ಫಾರಂಗಳು "ಇದು ಸರಿಯಾದ ಹೆಸರಲ್ಲ" ಎಂದು ಕೆಂಪಕ್ಷರದಲ್ಲಿ ತಗಾದೆ ತೆಗೆಯುತ್ತವೆ. ತಲೆಮಾರುಗಳಿಂದ ಬಂದ ಹೆಸರಿಗೆ ನಿನ್ನೆ ಮೊನ್ನೆಯ ಫಾರಂನ ಆಕ್ಷೇಪ! ನಮ್ಮಲ್ಲಿ ಇನ್ನು ಕೆಲವರಿಗೆ ಕೊನೆಯ ಹೆಸರೇ ಇಲ್ಲ, ಇನಿಷಿಯಲ್ ಮಾತ್ರ. ಚೌಕ ಖಾಲಿ ಬಿಡಲು ಫಾರಂ ಒಪ್ಪುವುದಿಲ್ಲವೆಂದು ಅವರು ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ. ಬಾಗಿಲಲ್ಲೇ ನಿಲ್ಲಿಸುವ ಉಪಾಯದಿಂದ ತೊಂದರೆಯಾಗುವುದು ಹೆಚ್ಚಾಗಿ ಸಾಚಾ ಜನರಿಗೆ.

ಸರಿಯಾದ ದಾರಿ ಬೇರೆ ಇದೆ. ಬಂದವರು ಏನನ್ನಾದರೂ ಬರೆಯಲಿ. ಅದನ್ನು ಪರದೆಯ ಮೇಲೆ ತೋರಿಸುವಾಗ, ಬ್ರೌಸರ್ ಅಪ್ಪಣೆ ಎಂದು ಓದಬಹುದಾದ < > ಎಂಬ ಕೋನದ ಚಿಹ್ನೆಗಳಂಥವನ್ನು ಬರೀ ಅಕ್ಷರ ಎಂದು ಓದುವಂತೆ ಬದಲಿಸಬೇಕು. ಪ್ರೋಗ್ರಾಂ ಬರೆಯುವವರು ಇದನ್ನು ಎಸ್ಕೇಪ್ ಮಾಡುವುದು ಎನ್ನುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆಂದೇ ಸಿದ್ಧ ಫಂಕ್ಷನ್‌ಗಳಿವೆ. ಆಗ ಡಿಸೋಜರ ಹೆಸರು ಸರಿಯಾಗಿ ಕಾಣುತ್ತದೆ. ಕಳ್ಳ ಬರೆದ ಸ್ಕ್ರಿಪ್ಟ್ ಕೂಡ ಕಾಣುತ್ತದೆ, ಆದರೆ ಓಡುವುದಿಲ್ಲ. ಜಗಲಿಯ ಪುಸ್ತಕದ ಹಳೆಯ ಗುಣವನ್ನು ಫಾರಂಗೆ ಮರಳಿ ಕೊಟ್ಟಂತೆ.

ಇನ್ನು, ಇದೆಲ್ಲ ಚಿಕ್ಕವರ ಅಜಾಗರೂಕತೆಯಿಂದ ಆಗುವಂಥದ್ದು ಎಂದು ಸಂಕೋಚ ಪಡಬೇಡಿ. 2018ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಸುಮಾರು 15 ದಿನ, ಬ್ರಿಟಿಷ್ ಏರ್‌ವೇಸ್‌ನ ಟಿಕೆಟ್ ಬುಕಿಂಗ್ ತಾಣದಲ್ಲಿ ಹೊರಗಿನವರು ಸೇರಿಸಿದ ಸ್ಕ್ರಿಪ್ಟ್ ಓಡುತ್ತಿತ್ತು. ಇಪ್ಪತ್ತೆರಡೇ ಸಾಲು. ಟಿಕೆಟ್ ಕೊಂಡವರ ಕಾರ್ಡ್ ವಿವರಗಳನ್ನು ಅದು ಇನ್ನೊಂದು ವಿಳಾಸಕ್ಕೂ ಕಳಿಸುತ್ತಿತ್ತು. ಅಲ್ಲಿ ಕಳ್ಳರು ಒಳಗೆ ಬಂದ ಬಾಗಿಲು ಬೇರೆ. ಹೆಸರಿನ ಚೌಕದಿಂದಲ್ಲ, ಹೊರಗುತ್ತಿಗೆ ಸಂಸ್ಥೆಯೊಂದರ ಲಾಗಿನ್ ಹಿಡಿದು ಬಂದಿದ್ದರು. ಒಳಗೆ ಬಂದ ಮೇಲೆ ಮಾಡಿದ ಕೆಲಸ ಇದೇ ಜಾತಿಯದ್ದು. 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅಪಾಯಕ್ಕೆ ಸಿಕ್ಕಿತು. 2020ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2 ಕೋಟಿ ಪೌಂಡ್ ದಂಡ ಹಾಕಿತು. ಅಷ್ಟು ದೊಡ್ಡವರಿಗೇ ಅಷ್ಟು ದಿನ ಗೊತ್ತಾಗಲಿಲ್ಲ ಎಂದರೆ, ನಿಮಗೆ ಈವರೆಗೆ ಗೊತ್ತಿರದಿದ್ದುದು ತಪ್ಪೇನಲ್ಲ.

ಈಗ ನಿಮ್ಮೊಂದಿಗೇ ನೇರವಾಗಿ ಮಾತಾಡುತ್ತೇನೆ.

ಸಕಲೇಶಪುರದಲ್ಲಿ, ಚಿಕ್ಕಮಗಳೂರಿನಲ್ಲಿ, ಕೊಡಗಿನಲ್ಲಿ ಹೋಂಸ್ಟೇ ನಡೆಸುವವರೇ, ಪೇಟೆಯಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರರೇ, ಮೈಸೂರಿನಲ್ಲಿ ಯೋಗ ಕಲಿಸುವವರೇ, ನಿಮ್ಮಲ್ಲಿ ಅನೇಕರ ವೆಬ್‌ಸೈಟಿನ ಕಥೆ ಒಂದೇ. ಅಕ್ಕನ ಮಗನೋ ಪರಿಚಯದ ಹುಡುಗಿಯೋ ಅದನ್ನು ಕಟ್ಟಿಕೊಟ್ಟರು. ಚೆನ್ನಾಗಿಯೇ ಕಟ್ಟಿಕೊಟ್ಟರು. ಆಮೇಲೆ ಅವರಿಗೆ ಕೆಲಸ ಸಿಕ್ಕಿತು, ಊರು ಬಿಟ್ಟರು. ತಾಣ ನಡೆಯುತ್ತಾ ಇತ್ತು, ಬುಕಿಂಗ್ ಬರುತ್ತಾ ಇತ್ತು. ನಡೆಯುತ್ತಿರುವುದನ್ನು ಯಾರು ಮುಟ್ಟಲು ಹೋಗುತ್ತಾರೆ? ಕಟ್ಟಿದವರ ಹೆಸರು ನಿಮಗೆ ನೆನಪಿದೆ. ಈಗ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಯಾರ ಹೆಸರೂ ಬಾಯಿಗೆ ಬರುವುದಿಲ್ಲ. ಪ್ಲಗಿನ್‌ನ ದೋಷಕ್ಕಿಂತ ನನಗೆ ಚಿಂತೆ ಇದರದ್ದೇ. ಹೊರಬಿದ್ದ ದೋಷಗಳಿಗೆ ಹೆಚ್ಚಿನ ಸಲ ತಯಾರಕರು ಪರಿಹಾರ ಕೊಡುತ್ತಾರೆ. ಅಮೀಲಿಯಾದವರೂ ಕೊಟ್ಟರು. ಆ ಪರಿಹಾರವನ್ನು ಒಳಗೆ ಕರೆದುಕೊಳ್ಳಲು ನಿಮ್ಮ ಕಡೆ ಯಾರಾದರೂ ಇರಬೇಕಷ್ಟೆ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲಕ್ಕೆ ಮುಂಚೆ ನೀವು ಮಾಡಿಗೆ ಆಳು ಹತ್ತಿಸಿ ಹೆಂಚು ಕೈಯಾಡಿಸುತ್ತೀರಿ. ಮನೆ ಸೋರುತ್ತಿದೆ ಎಂದಲ್ಲ, ಸೋರಬಾರದು ಎಂದು. ವೆಬ್‌ಸೈಟ್‌ಗೂ ಹಾಗೆ ಒಬ್ಬರು ತಿಂಗಳಿಗೊಮ್ಮೆ ಕೈಯಾಡಿಸಲಿ. ಅವರು ಯಾರು ಎಂಬುದನ್ನು ನೀವು ನಿರ್ಧರಿಸಿ. ಮನೆಯವರೇ ಇರಬಹುದು, ಊರಿನಲ್ಲಿ ಕಂಪ್ಯೂಟರ್ ಗೊತ್ತಿರುವ ಯುವಕ ಯುವತಿಯರಿರಬಹುದು. ಅವರ ಶ್ರಮಕ್ಕೆ ತಕ್ಕ ಹಣ ಕೊಡಿ, ಹೆಂಚಿನ ಕೆಲಸದವರಿಗೆ ಕೊಡುವ ಹಾಗೆಯೇ.

ನಿಮ್ಮ ತಾಣ ವರ್ಡ್‌ಪ್ರೆಸ್‌ನದ್ದಾಗಿದ್ದರೆ ಅವರು ಮಾಡಬೇಕಾದ್ದು ಬಹಳವಿಲ್ಲ. ಮೊದಲು ಇಡೀ ತಾಣದ ಒಂದು ಪ್ರತಿ, ಅಂದರೆ ಬ್ಯಾಕಪ್, ತೆಗೆದಿಡಲಿ. ಆಮೇಲೆ ಪ್ಲಗಿನ್‌ಗಳ ಪಟ್ಟಿ ತೆರೆದು ಅಪ್‌ಡೇಟ್ ಬಂದಿರುವುದನ್ನೆಲ್ಲ ಹಾಕಲಿ. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದೀಚೆಗೆ ಪ್ಲಗಿನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವಂತೆ ಬಿಡುವ ಗುಂಡಿ ಅದೇ ಪಟ್ಟಿಯಲ್ಲಿದೆ. ಬುಕಿಂಗ್ ಪ್ಲಗಿನ್‌ಗಾದರೂ ಅದನ್ನು ಒತ್ತಿಡಿ. ಬಳಸದ ಪ್ಲಗಿನ್‌ಗಳನ್ನು ಸುಮ್ಮನೆ ನಿಲ್ಲಿಸಿಡುವುದಲ್ಲ, ತೆಗೆದೇ ಹಾಕಿ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಪ್ಲಗಿನ್ ಇದ್ದರೆ ಅದರ ತಯಾರಕರು ಕೈಬಿಟ್ಟಿರಬಹುದು. ಅಂಥದ್ದನ್ನು ವರ್ಡ್‌ಪ್ರೆಸ್‌ನ ಸಂಗ್ರಹದಿಂದ ತೆಗೆದುಹಾಕಿದರೂ ನಿಮ್ಮ ತಾಣದಲ್ಲಿ ಅದು ಹಾಗೆಯೇ ಕೂತಿರುತ್ತದೆ. ದುಡ್ಡಿನ ಪ್ಲಗಿನ್‌ನ ಕದ್ದ ಪ್ರತಿಯನ್ನು ಯಾರೋ ಪುಕ್ಕಟೆ ಹಾಕಿಕೊಟ್ಟಿದ್ದರೆ, ಅದರ ಬಗ್ಗೆ ಜಗಳ ಬೇಡ. ಅಸಲಿಯನ್ನು ಕೊಂಡು ಹಾಕಿಕೊಳ್ಳಿ. ಕದ್ದ ಪ್ರತಿಗೆ ತಯಾರಕರ ಅಪ್‌ಡೇಟ್ ಸಿಗುವುದಿಲ್ಲ.

ಇನ್ನೊಂದನ್ನು ನೀವೇ ಮಾಡಿಕೊಳ್ಳಬಹುದು, ಇದು ನನಗೆ ಬಹಳ ಮುಖ್ಯ ಎನ್ನಿಸುತ್ತದೆ. ದಿನದ ಬುಕಿಂಗ್ ನೋಡಲು ಅಡ್ಮಿನ್ ಖಾತೆ ಬಳಸಬೇಡಿ. ಬುಕಿಂಗ್ ನೋಡುವಷ್ಟೇ ಅಧಿಕಾರ ಇರುವ ಬೇರೆ ಖಾತೆ ಮಾಡಿಕೊಳ್ಳಿ. ಮೇಲೆ ಹೇಳಿದೆನಲ್ಲ, ಸ್ಕ್ರಿಪ್ಟ್ ಓಡುವುದು ನಿಮ್ಮ ಅಧಿಕಾರದಲ್ಲಿ ಎಂದು. ನಿಮ್ಮ ಕೈಯಲ್ಲಿ ಆ ಹೊತ್ತಿಗೆ ಇಡೀ ಮನೆಯ ಬೀಗದ ಕೈ ಗೊಂಚಲು ಇಲ್ಲದಿದ್ದರೆ ಕಳ್ಳನಿಗೂ ಅದು ಸಿಗುವುದಿಲ್ಲ.

ದೇಶದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅದರಲ್ಲಿ ದೊಡ್ಡ ದಂಡಗಳೂ ಇವೆ. ಅದನ್ನು ಹೇಳಿ ನಿಮ್ಮನ್ನು ಹೆದರಿಸುವ ಮನಸ್ಸು ನನಗಿಲ್ಲ. ಆಧಾರ್ ಪ್ರತಿ ಕಳಿಸಿದ ಅತಿಥಿ, ಕಾಯಿಲೆಯ ಹೆಸರು ಬರೆದ ರೋಗಿ, ಇವರು ಕಾಯ್ದೆ ಓದಿ ನಿಮ್ಮನ್ನು ನಂಬಿದವರಲ್ಲ.

ವೆಬ್‌ಸೈಟ್ ಮತ್ತು ಪ್ಲಗಿನ್ ಕಟ್ಟುವ ಗೆಳೆಯರಲ್ಲಿ ಒಂದು ಮಾತು. ಎಸ್ಕೇಪ್ ಮಾಡುವುದು ನಿಮಗೆ ಗೊತ್ತು. ಆತುರದ ದಿನ ಒಂದು ಜಾಗದಲ್ಲಿ ಬಿಟ್ಟುಹೋಗುತ್ತದೆ, ಅದೇ ಜಾಗ ಕೊನೆಯ ಹೆಸರಿನ ಚೌಕವಾಗಿರುತ್ತದೆ. ಗ್ರಾಹಕರು ನೋಡುವ ಪುಟದ ಬಗ್ಗೆ ಇಡುವ ಎಚ್ಚರವನ್ನು ಅಡ್ಮಿನ್ ಪುಟದ ಬಗ್ಗೆಯೂ ಇಡಿ. ಅಲ್ಲಿ ನಮ್ಮವರೇ ಇರುತ್ತಾರಲ್ಲ ಎಂಬ ಭಾವನೆಯೇ ಅಲ್ಲಿನ ತೂತು. ಕೆಲಸ ಮುಗಿಸಿ ಹೊರಡುವಾಗ ಪಾಸ್‌ವರ್ಡ್‌ಗಳನ್ನು, ಯಾವ ಪ್ಲಗಿನ್ ಯಾಕೆ ಹಾಕಿದ್ದೀರಿ ಎಂಬುದನ್ನು ಒಂದು ಹಾಳೆಯಲ್ಲಿ, ಸಾಧ್ಯವಾದರೆ ಕನ್ನಡದಲ್ಲಿ, ಬರೆದು ಮಾಲೀಕರ ಕೈಗೆ ಕೊಡಿ.

ಬುಕ್ ಮಾಡುವ ಓದುಗರೇ, ನಿಮ್ಮಿಂದಲೂ ಒಂದು ಉಪಕಾರ ಆಗಬೇಕು. ಯಾವಾಗಲೂ ಹೋಗುವ ಹೋಂಸ್ಟೇಯ ತಾಣ ಇದ್ದಕ್ಕಿದ್ದಂತೆ ಬೇರೆ ಪುಟಕ್ಕೆ ಎಳೆದೊಯ್ದರೆ, ಹಣ ಕಟ್ಟಲು ಹೊಸ ಹೆಸರಿನ ಖಾತೆ ತೋರಿಸಿದರೆ, ಅಲ್ಲಿಗೇ ನಿಲ್ಲಿಸಿ ಮಾಲೀಕರಿಗೆ ಒಂದು ಫೋನ್ ಮಾಡಿ. ಅವರಿಗೆ ಗೊತ್ತೇ ಇಲ್ಲದಿರಬಹುದು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೋಷ ಇದೆಯೇ ಎಂದು ನೀವೇ ಸ್ಕ್ರಿಪ್ಟ್ ಬರೆದು ಪರೀಕ್ಷಿಸಲು ಮಾತ್ರ ಹೋಗಬೇಡಿ. ಒಳ್ಳೆಯ ಉದ್ದೇಶವಿದ್ದರೂ ಅನುಮತಿ ಇಲ್ಲದೆ ಮಾಡಿದರೆ ಅದು ಐಟಿ ಕಾಯ್ದೆಯ ಕೆಳಗೆ ಬರುತ್ತದೆ. ಆ ವಿದ್ಯೆ ಬಲ್ಲವರು ಕಂಡದ್ದನ್ನು ತಯಾರಕರಿಗೋ, ಕೇಂದ್ರದ ಸರ್ಟ್-ಇನ್ ಸಂಸ್ಥೆಗೋ ತಿಳಿಸಬಹುದು.

ಇಷ್ಟು ಓದಿದ ಮೇಲೆ, ಇವತ್ತು ಸಂಜೆ ಅತಿಥಿಗಳ ಊಟ ಮುಗಿದ ಬಳಿಕ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ತಾಣಕ್ಕೆ ಲಾಗಿನ್ ಆಗಿ, ಪ್ಲಗಿನ್ಸ್ ಎಂಬ ಪದದ ಪಕ್ಕ ಒಂದು ಸಂಖ್ಯೆ ಕಾಣುತ್ತಿದೆಯೇ ನೋಡಿ. ಅಷ್ಟು ಅಪ್‌ಡೇಟ್‌ಗಳು ನಿಮಗಾಗಿ ಕಾಯುತ್ತಿವೆ. ಲಾಗಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಇಲ್ಲವೇ? ಹಾಗಿದ್ದರೆ ಅಕ್ಕನ ಮಗನಿಗೆ ಫೋನ್ ಮಾಡಿ. ಊಟ ಆಯಿತಾ ಎಂದು ಮೊದಲು ಕೇಳಿ, ಆಮೇಲೆ ಪಾಸ್‌ವರ್ಡ್ ಕೇಳಿ.